ಇನ್ನೊಂದು ಫ್ಲೋರ್ ಎಬ್ಬಿಸುವ ಮುಂಚೆ

ಬೆಂಗಳೂರಿನಲ್ಲಿ ಹಳೇ ಮನೆ ಮೇಲೆ ಹೊಸ ಫ್ಲೋರ್ ಎಬ್ಬಿಸುವವರನ್ನು ‘ಪ್ಲಾನ್ ಸ್ಯಾಂಕ್ಷನ್ ಮಾಡಿಸಿದ್ರಾ?’ ಅಂತ ಕೇಳಿ ನೋಡಿ. ‘ಎಲ್ಲಾ ಮಾತಾಡಿದೀವಿ ಸಾರ್’ ಅನ್ನುತ್ತಾರೆ. ಮಾತಾಡಿದ್ದಕ್ಕೆ ರಸೀದಿ ಇರುವುದಿಲ್ಲ ಅಲ್ವಾ? ಇವತ್ತು ಕಣ್ಣು ಮುಚ್ಚಿಕೊಂಡ ಪಾಲಿಕೆ ಇಂಜಿನಿಯರ್ ನಾಳೆ ವರ್ಗವಾಗುತ್ತಾರೆ. ಪಕ್ಕದ ಮನೆಯವರು ಸೆಟ್‌ಬ್ಯಾಕ್ (ಮನೆ ಸುತ್ತ ಬಿಡಬೇಕಾದ ಖಾಲಿ ಜಾಗ) ಬಿಟ್ಟಿಲ್ಲ ಅಂತ ಒಂದು ಅರ್ಜಿ ಕೊಟ್ಟರೆ, ಹೊಸಬರು ನೋಟಿಸ್ ಹಿಡಿದು ಬಾಗಿಲಿಗೆ ಬರುತ್ತಾರೆ.

ಬಣ್ಣ, ಟೈಲ್ಸ್, ಪ್ಲಾಸ್ಟರ್ ಬಗ್ಗೆ ನಾನು ಹೇಳುತ್ತಿಲ್ಲ. ಅದಕ್ಕೆಲ್ಲ ಯಾರ ಅನುಮತಿಯೂ ಬೇಡ.

ನನಗೆ ನೋಟಿಸ್‌ಗಿಂತ ಜಾಸ್ತಿ ಭಯ ಪಾಯದ್ದು. ಹಳೇ ಮನೆಗಳಲ್ಲಿ ಎಷ್ಟೋ ಕಡೆ ಭಾರ ಹೊರುವ ಕಾಂಕ್ರೀಟ್ ಕಂಬ, ಅಂದರೆ ಕಾಲಮ್ಮೇ ಇಲ್ಲ. ಸೈಜುಗಲ್ಲಿನ ಪಾಯ, ಮೇಲೆ ಇಟ್ಟಿಗೆ ಗೋಡೆ, ಆ ಗೋಡೆಯೇ ಮೋಲ್ಡ್ (ಕಾಂಕ್ರೀಟ್ ಛಾವಣಿ) ಹೊತ್ತಿರುತ್ತದೆ. ಕೆಳಗೆ ಅಂಗಡಿ ಶಟರ್ ಬೇಕು ಅಂತ ಅದೇ ಗೋಡೆ ಒಡೆಯುತ್ತಾರೆ. ಮೇಲೆ ಎರಡು ರೂಮು, ತುದಿಯಲ್ಲಿ ಸಾವಿರ ಲೀಟರ್ ಟ್ಯಾಂಕು. ನೀರೇ ಒಂದು ಟನ್! ಕಾಲಮ್ ಇರುವ ಮನೆಯಲ್ಲೂ ಫುಟಿಂಗ್ (ಕಾಲಮ್ಮಿನ ಅಡಿಪಾಯ) ಮತ್ತು ಕಂಬಿ ಹಾಕಿರುವುದು ಆಗಿನ ಲೆಕ್ಕಕ್ಕೆ. ಮೇಸ್ತ್ರಿ ‘ತಡೆಯುತ್ತೆ ಬಿಡಿ’ ಅನ್ನುತ್ತಾನೆ. ಲೆಕ್ಕ ಹಾಕಿದವರು ಯಾರೂ ಇಲ್ಲ. ಪ್ಲಾನ್ ಸಿಕ್ಕ ಮಾತ್ರಕ್ಕೆ ಕಟ್ಟಡ ಗಟ್ಟಿ ಅಂತಲೂ ಅಲ್ಲ. ಆದರೆ ಆ ದಾರಿಯಲ್ಲಿ ಹೋದರೆ ಕನಿಷ್ಠ ಒಬ್ಬ ಇಂಜಿನಿಯರ್ ಜವಾಬ್ದಾರಿ ಹೊತ್ತು ಸಹಿ ಹಾಕಬೇಕಾಗುತ್ತದೆ.

2024ರ ಅಕ್ಟೋಬರ್ 22ರಂದು ಬೆಂಗಳೂರಿನ ಬಾಬುಸಾಬ್ ಪಾಳ್ಯದಲ್ಲಿ ಕಟ್ಟುತ್ತಿದ್ದ ಬಿಲ್ಡಿಂಗ್ ಕುಸಿದು 9 ಜನ ಸತ್ತರು. ಅದು ಅನಧಿಕೃತ ಕಟ್ಟಡ ಅಂತ ಸರ್ಕಾರವೇ ಹೇಳಿತು. ಸತ್ತವರು ಹೊಟ್ಟೆಪಾಡಿಗೆ ಬಂದಿದ್ದ ಕೂಲಿಯವರು.

‘ಮುಂದೆ ಸಕ್ರಮ ಮಾಡ್ತಾರೆ’ ಅನ್ನುವ ಆಸೆ ಬೇರೆ. ನಿಯಮ ಮೀರಿದ ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಒಪ್ಪುವ ಅಕ್ರಮ-ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿದ್ದು 2017ರ ಜನವರಿಯಲ್ಲಿ. ಅದೇ ಕೋರ್ಟ್ 2024ರ ಡಿಸೆಂಬರ್ 17ರಂದು ಇನ್ನೂ ಬಿಗಿ ಮಾಡಿತು. ಓಸಿ (ಕಟ್ಟಡ ಪ್ಲಾನ್ ಪ್ರಕಾರ ಇದೆ, ವಾಸ ಮಾಡಬಹುದು ಅನ್ನುವ ಸರ್ಟಿಫಿಕೇಟು) ಇಲ್ಲದೆ ಕರೆಂಟು, ನೀರು ಕೊಡಬಾರದು, ಬ್ಯಾಂಕು ಸಾಲವನ್ನೂ ಕೊಡಬಾರದು ಅಂದಿತು. ಮರುವರ್ಷ ಕರೆಂಟ್ ಮೀಟರ್ ಸಿಗದೆ ಒದ್ದಾಡಿದವರನ್ನು ಕೇಳಿ. ಆಮೇಲೆ ರಾಜ್ಯ ಸರ್ಕಾರ 1200 ಚದರಡಿವರೆಗಿನ ಸೈಟಿನ ಮನೆಗಳಿಗೆ ಓಸಿ ವಿನಾಯಿತಿ ಕೊಟ್ಟಿದ್ದು ನಿಜ. ಆದರೆ ನೆಲಮಹಡಿ ಪ್ಲಸ್ ಎರಡು, ಇಲ್ಲವೇ ಸ್ಟಿಲ್ಟ್ (ಕಂಬಗಳ ನಡುವಿನ ಪಾರ್ಕಿಂಗ್ ಮಹಡಿ) ಪ್ಲಸ್ ಮೂರು, ಅಷ್ಟಕ್ಕೇ. ನೀವು ಆಸೆಪಟ್ಟು ಎಬ್ಬಿಸುವ ಅದರ ಮೇಲಿನ ಫ್ಲೋರ್ ಇದೆಯಲ್ಲ, ಅದು ಆ ವಿನಾಯಿತಿಯ ಲೆಕ್ಕಕ್ಕೇ ಇಲ್ಲ.

ಆಫೀಸಿಗೆ ಅಲೆಸುತ್ತಾರೆ, ದುಡ್ಡು ಕೀಳುತ್ತಾರೆ ಅನ್ನುವ ಸಿಟ್ಟು ನನಗೂ ಇದೆ. ಆ ಸಿಟ್ಟು ನ್ಯಾಯವಾದದ್ದೇ. ಆದರೆ ದುಡ್ಡು ಉಳಿಸಲು ಪ್ಲಾನ್ ಬಿಟ್ಟವರು, ಸುಮ್ನಿರಲಿ ಅಂತ ಇನ್ಯಾರಿಗೋ ಅದೇ ದುಡ್ಡು ಕೊಡುತ್ತಾರೆ! 2024ರಲ್ಲಿ ‘ನಂಬಿಕೆ ನಕ್ಷೆ’ ಬಂತು. ಸಣ್ಣ ಮನೆಗಳಿಗೆ ನೋಂದಾಯಿತ ಆರ್ಕಿಟೆಕ್ಟ್, ಇಂಜಿನಿಯರ್‌ಗಳ ಮೂಲಕ ಆನ್‌ಲೈನಲ್ಲೇ ತಾತ್ಕಾಲಿಕ ಮಂಜೂರಾತಿ ಪಡೆಯಬಹುದು. ಅದನ್ನಾದರೂ ಒಮ್ಮೆ ನೋಡಿ.

ಇನ್ನು ಆ ಮೇಲಿನ ಫ್ಲೋರಿಗೆ ಬರುವವರು ಬಾಡಿಗೆಯವರು. ಅಡ್ವಾನ್ಸ್ ಕೊಡುವ ಮುಂಚೆ ನೀರು, ಪಾರ್ಕಿಂಗ್ ಎಲ್ಲಾ ವಿಚಾರಿಸುತ್ತಾರೆ. ಪ್ಲಾನ್ ತೋರಿಸಿ ಅಂದವರನ್ನು ನಾನಂತೂ ನೋಡಿಲ್ಲ. ಕೇಳಿದರೆ ಓನರ್ ಮನೆಯನ್ನೇ ಕೊಡುವುದಿಲ್ಲ, ಅದೂ ಗೊತ್ತು.