ಎಲ್ಲರ ಟಕ್ಸ್ 10 ಇಂಚಿಗೇ ಬರಲ್ಲ

ಬ್ಲೌಸ್ ಕಟಿಂಗ್ ಬಗ್ಗೆ ನಿಮ್ಮ ಲೇಖನ ಚೆನ್ನಾಗಿದೆ. ಆದ್ರೆ ಭುಜದಿಂದ 10 ಇಂಚು ಕೆಳಗೆ ಎದೆಯ ಪಾಯಿಂಟ್ (ಉಬ್ಬಿನ ತುದಿ) ಗುರುತು ಮಾಡಿ, ಎಲ್ಲಾ ಟಕ್ಸ್ (ಉಬ್ಬು ಬರಲು ಬಟ್ಟೆ ಮಡಚಿ ಹೊಲಿಯುವ ಚೂಪು ಮಡಿಕೆ) ಅಲ್ಲಿಗೇ ತನ್ನಿ ಅಂತ ಬರೆದಿದ್ದೀರಿ. ಅದೊಂದು ನಾನು ಒಪ್ಪಲ್ಲ.

ಬಳ್ಳಾರಿಯಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಒಂದು ಮನೆಯ ಅತ್ತೆ-ಸೊಸೆ, ಇಬ್ಬರದೂ ಎದೆ ಸುತ್ತಳತೆ 36 ಇಂಚು. ಸುಮ್ನೆ ಒಂದೇ ಪೇಪರ್ ಕಟಿಂಗ್ ಇಟ್ಟು ಇಬ್ಬರಿಗೂ ಕತ್ತರಿಸಿದೆ. ಸೊಸೆಗೆ ಸರಿಯಾಯ್ತು. ಅತ್ತೆ ಹಾಕಿಕೊಂಡು, "ಏನವ್ವಾ, ಎದಿ ಮ್ಯಾಲೆ ಗುಬ್ಬಿ ಕುಂತಂಗ ಆಗೇತಲ್ಲ" ಅಂದರು. ಅಳತೆ ನೋಡಿದರೆ ಅವರ ಪಾಯಿಂಟ್ 11 ಇಂಚಿಗೆ. ಟಕ್ಸ್ ಮೇಲಾಗಿ ಬಟ್ಟೆ ಚೂಪಾಗಿ ನಿಂತಿತ್ತು, ಕೆಳಗೆ ಬಿಗಿ.

ಪಾಯಿಂಟ್ ಸರಿಯಿದ್ದರೂ ಟಕ್ಸ್ ತುದಿ ಅದರ ಮೇಲೇ ಬರಬಾರದು. ಮುಕ್ಕಾಲು ಇಂಚು ಮೊದಲೇ ನಿಲ್ಲಿಸಿ. ಕೊನೆಯ ನಾಲ್ಕು ಹೊಲಿಗೆ ಮಡಿಕೆಯ ಅಂಚಿಗೆ ತಾಗಿದಂತೆ ಓಡಿಸಿ, ದಾರವನ್ನು ಕೈಯಲ್ಲೇ ಗಂಟು ಹಾಕಿ. ಅಲ್ಲಿ ಮಷಿನ್ ರಿವರ್ಸ್ (ಹಿಂದಕ್ಕೆ ಹೊಲಿಗೆ) ಹೊಡೆದರೆ ಗಟ್ಟಿಯಾಗಿ ಮೂಗು ಬರುತ್ತೆ.

ಗುಳೇದಗುಡ್ಡದ ಖಣಕ್ಕಂತೂ (ಕೈಮಗ್ಗದ ಬ್ಲೌಸ್ ಬಟ್ಟೆ) ಮುಂದಿನ ಹುಕ್ ಪಟ್ಟಿ ಕಡೆಯ ಟಕ್ಸ್ ಬೇಡವೇ ಬೇಡ. ಸಣ್ಣ ಸಣ್ಣ ಹೂವು ಎದುರಿಗೇ ತುಂಡಾಗಿ ಕಾಣುತ್ತೆ. ಪೇಪರ್ ಮೇಲೆ ಆ ಟಕ್ಸ್ ಮಡಚಿ, ಕಂಕುಳ ಕೆಳಗಿನ ಗೆರೆಯನ್ನು ಪಾಯಿಂಟ್‌ವರೆಗೆ ಕತ್ತರಿಸಿ. ಅದು ತಾನೇ ಬಾಯಿ ಬಿಡುತ್ತೆ, ಅದೇ ಹೊಸ ಟಕ್ಸ್. ಉಬ್ಬು ಅಷ್ಟೇ ಇರುತ್ತೆ, ಹೊಲಿಗೆ ಮಾತ್ರ ಕೈ ಕೆಳಗೆ ಅಡಗುತ್ತೆ.

ನಮ್ಮೂರಿನ ಜೀನ್ಸ್ ಹಿಂಭಾಗ ನೋಡಿ, ಟಕ್ಸ್ ಕಾಣಲ್ಲ ಅಲ್ವಾ? ಸೊಂಟದ ಕೆಳಗಿನ ಯೋಕ್ (ಅಡ್ಡ ತುಂಡು) ಹೊಲಿಗೆಯೇ ಆ ಕೆಲಸ ಮಾಡುತ್ತೆ. ಎದೆ ಭಾಗಕ್ಕೆ ಬಟ್ಟಲಿನಂಥ ತುಂಡು ಜೋಡಿಸುವ ಕಟೋರಿ ಬ್ಲೌಸ್‌ನಲ್ಲೂ ಸುಮಾರಾಗಿ ಇದೇ ಕಥೆ. ಅದರ ಬಗ್ಗೆಯೂ ಬರೆಯಿರಿ.