ಹಾರ್ಟಿಗೆ ಭಾಳ ಚಲೋ ಅಂತ್ರೀ!

ವಿಜಯಪುರದಲ್ಲಿ ಹೃದಯದ ಡಾಕ್ಟರು ಬೇಕಾದರೆ ಆಸ್ಪತ್ರೆಗೇ ಹೋಗಬೇಕಂತಿಲ್ಲ. ಸಂಜೆ ಏಳರ ಮೇಲೆ ಯಾವ ಬಾರ್‌ಗೆ ಹೋದರೂ ಟೇಬಲ್ಲಿಗೆ ನಾಲ್ಕು ಮಂದಿ ಸಿಗುತ್ತಾರೆ. "ಲಿಮಿಟ್‌ನಾಗ ತಗೊಂಡ್ರ ಹಾರ್ಟಿಗೆ ಭಾಳ ಚಲೋರೀ. ಫಾರಿನ್‌ದವರು ಸಂಶೋಧನಾ ಮಾಡ್ಯಾರ" ಅನ್ನುತ್ತಾರೆ ನಮ್ಮ ಗೌಡರು. ಮುಂದಿನ ಪ್ಲೇಟಿನಲ್ಲಿ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಕಲಸಿದ ಶೇಂಗಾ. ಮೇಲೆ ಉಪ್ಪು ಜಾಸ್ತಿ.

ಗೌಡರು ಪೂರಾ ಸುಳ್ಳು ಹೇಳುತ್ತಿಲ್ಲ. ಬೆಣ್ಣೆ, ಚೀಸ್ ತಿಂದರೂ ಫ್ರೆಂಚರಿಗೆ ಹೃದ್ರೋಗ ಕಡಿಮೆ, ಅದಕ್ಕೆ ವೈನ್ ಕಾರಣ ಇರಬಹುದು ಅಂತ 1992ರಲ್ಲಿ ಸೆರ್ಜ್ ರೆನೋ ಎಂಬ ವಿಜ್ಞಾನಿ ಬರೆದಿದ್ದರು. ವೈನ್ ಅಂದರೆ ದ್ರಾಕ್ಷಿ. ನಮ್ಮಲ್ಲೇನು ದ್ರಾಕ್ಷಿಗೆ ಬರವೇ? ತಿಕೋಟಾ ಕಡೆ ಹೋದರೆ ಬರೀ ದ್ರಾಕ್ಷಿ ತೋಟಗಳೇ. ಆದರೆ ಗೌಡರ ಗ್ಲಾಸಿನಲ್ಲಿ ಒಂದು ದ್ರಾಕ್ಷಿಯೂ ಇಲ್ಲ. ನಮ್ಮ ಅಗ್ಗದ ವಿಸ್ಕಿಗೆ ಸ್ಪಿರಿಟ್ ಬರುವುದು ಹೆಚ್ಚಾಗಿ ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ. ಪುರಾವೆ ಫ್ರಾನ್ಸಿನದು, ಕಾಕಂಬಿ ಕೃಷ್ಣಾ ತೀರದ್ದು!

ಇನ್ನು ಆ ಲಿಮಿಟ್ಟು. ಅಮೆರಿಕದವರ ಲೆಕ್ಕದಲ್ಲಿ ಒಂದು ಡ್ರಿಂಕ್ ಅಂದರೆ 14 ಗ್ರಾಂ ಆಲ್ಕೋಹಾಲ್. ಶೇ. 42.8ರ ನಮ್ಮ ವಿಸ್ಕಿಯ 60 ಎಂಎಲ್ ಪೆಗ್ಗಿನಲ್ಲೇ 20 ಗ್ರಾಂ ಇರುತ್ತದೆ. 180 ಎಂಎಲ್ ಕ್ವಾರ್ಟರ್‌ನಲ್ಲಿ 60 ಗ್ರಾಂ. ಗೌಡರ ಲಿಮಿಟ್ ಕ್ವಾರ್ಟರ್. "ಹಾಫ್ ಮುಟ್ಟಂಗಿಲ್ರೀ ನಾ" ಅಂತ ಎದೆ ಮುಟ್ಟಿ ಹೇಳುತ್ತಾರೆ. ಪಾಪ, ಅದೇ ಎದೆ.

ಆ ಹಳೆಯ ಲೆಕ್ಕಗಳಲ್ಲೂ ಒಂದು ತಮಾಷೆ ಇತ್ತು. ರೋಗ ಬಂದು ಕುಡಿತ ಬಿಟ್ಟವರನ್ನೂ ಎಷ್ಟೋ ಅಧ್ಯಯನಗಳು "ಕುಡಿಯದವರು" ಅಂತಲೇ ಎಣಿಸಿದ್ದವು. ಅಂಥ ರೋಗಿಗಳ ಪಕ್ಕದಲ್ಲಿ ನಿಂತ ಕುಡುಕ ಪೈಲ್ವಾನನ ಹಾಗೆ ಕಾಣದೆ ಇನ್ನೇನು? ಲಿಮಿಟ್ಟಿನ ಕುಡಿತ ಹಾರ್ಟಿಗೆ ಒಳ್ಳೆಯದೇ ಅಂತ ಸರಿಯಾಗಿ ಪರೀಕ್ಷಿಸಲು ಅಮೆರಿಕದಲ್ಲಿ ದೊಡ್ಡ ಪ್ರಯೋಗ ಶುರುವಾಯಿತು. ದುಡ್ಡಿಗಾಗಿ ಮದ್ಯದ ಕಂಪನಿಗಳ ಬಾಗಿಲು ತಟ್ಟಿದ್ದು ಬಯಲಾಗಿ 2018ರಲ್ಲಿ ನಿಂತೂ ಹೋಯಿತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಸುರಕ್ಷಿತ ಅನ್ನುವಂಥ ಪ್ರಮಾಣವೇ ಇಲ್ಲ ಅಂದಿತು. ಗೌಡರ ವಾಟ್ಸಾಪ್‌ಗೆ 1992 ಬಂದು ಮುಟ್ಟಿದೆ, 2023 ಇನ್ನೂ ಬಂದಿಲ್ಲ. ನೆಟ್‌ವರ್ಕ್ ಸರಿ ಇಲ್ಲ, ಅಲ್ವಾ?

ಡಾಕ್ಟರು ಬರೆದುಕೊಟ್ಟ ಬಿಪಿ ಗುಳಿಗೆಯನ್ನು ಗೌಡರು ವಾರಕ್ಕೆ ಮೂರು ದಿನ ಮರೆಯುತ್ತಾರೆ. ಈ ಔಷಧಿ ಮಾತ್ರ ಒಂದು ದಿನವೂ ತಪ್ಪಿಲ್ಲ. ಗಾಂಧಿ ಜಯಂತಿಗೆ ಅಂಗಡಿ ಬಂದ್. ಹಿಂದಿನ ಸಂಜೆಯೇ ಕೌಂಟರಿನ ಹುಡುಗನಿಗೆ ಚೀಲ ಚಾಚಿದರು: "ತಮ್ಮಾ, ಎರಡ ದಿನದ್ದು ಕೂಡೇ ಕಟ್ಟಪಾ. ಹಾರ್ಟಿನ ವಿಷಯ, ಗ್ಯಾಪ್ ಬೀಳಬಾರ್ದು."