9ಎಚ್ ಕವಚ, ಒಂದು ಬಕೆಟ್ ನೀರು

ಬೆಂಗಳೂರಿನಲ್ಲಿ ಕಪ್ಪು ಕಾರು ಕೊಳ್ಳುವುದಕ್ಕೆ ದುಡ್ಡಿಗಿಂತ ಎದೆಗಾರಿಕೆ ಬೇಕು. ಒಂದು ಕಡೆ ರಸ್ತೆಗೆ ಕಾಂಕ್ರೀಟ್ ಹಾಸುವ ವೈಟ್ ಟಾಪಿಂಗ್, ಇನ್ನೊಂದು ಕಡೆ ಮೆಟ್ರೋ, ನಡುವೆ ಒಳಚರಂಡಿಗೆಂದು ಅಗೆದು ಮುಚ್ಚಿದ ಮಣ್ಣು, ಆ ಮಣ್ಣನ್ನೇ ಮತ್ತೆ ಅಗೆಯಲು ಕಾದಿರುವ ಕೇಬಲ್ಲಿನವರು. ಬೆಳಿಗ್ಗೆ ಒರೆಸಿದ ಬಾನೆಟ್ ಮೇಲೆ ಮಧ್ಯಾಹ್ನಕ್ಕೆಲ್ಲ ಬೆರಳಿನಲ್ಲಿ ಹೆಸರು ಬರೆಯಬಹುದು. ಬಿಳಿ, ಬೂದು ಬಣ್ಣದ ಕಾರಿನವರು ಹದಿನೈದು ದಿನ ತೊಳೆಯದೆಯೂ ಮಾನವಾಗಿ ಓಡಾಡಿಕೊಂಡಿರುತ್ತಾರೆ. ಕಪ್ಪು ಕಾರಿನವರಿಗೆ ಆ ಯೋಗವಿಲ್ಲ. ಹಾಗಾಗಿ ಅವರು ವ್ಯಾಕ್ಸ್ ಕೊಳ್ಳುತ್ತಾರೆ, ಪಾಲಿಶ್ ಕೊಳ್ಳುತ್ತಾರೆ, ಅದೂ ಸಾಲದೆಂದು ಸಿರಾಮಿಕ್ ಕೋಟಿಂಗ್, ಅಂದರೆ ಬಣ್ಣದ ಮೇಲೆ ಸವರಿದರೆ ಗಟ್ಟಿಯಾಗಿ ಕೂರುವ ತೆಳ್ಳನೆಯ ಲೇಪ, ಮಾಡಿಸುತ್ತಾರೆ.

ವ್ಯಾಪಾರ ಶುರುವಾಗುವುದು ಶೋರೂಮಿನಲ್ಲೇ. ಬುಕಿಂಗ್ ದುಡ್ಡು ಕಟ್ಟುವ ತನಕ ಆ ಬಣ್ಣದಷ್ಟು ಗಟ್ಟಿ ಬಣ್ಣ ಭೂಮಿಯ ಮೇಲಿಲ್ಲ. ರಸೀದಿ ಕೈಗೆ ಬಂದ ಮೇಲೆ ದನಿ ಬದಲಾಗುತ್ತದೆ: "ಸರ್, ಬ್ಲ್ಯಾಕ್ ತಗೊಂಡಿದ್ದೀರ. ಕೋಟಿಂಗ್ ಮಾಡಿಸ್ಲಿಲ್ಲ ಅಂದ್ರೆ ಆರು ತಿಂಗಳಿಗೆ ಪೇಂಟ್ ಡಲ್ ಆಗುತ್ತೆ." ಹಿಂದೆ ಇದೇ ಮೇಜಿನ ಮೇಲೆ ಟೆಫ್ಲಾನ್ ಕೋಟಿಂಗ್ ಮಾರುತ್ತಿದ್ದರು. ಟೆಫ್ಲಾನ್ ಎಂದರೆ ನಮ್ಮ ನಾನ್‌ಸ್ಟಿಕ್ ತವಾ ಮೇಲಿರುವ ವಸ್ತುವೇ. ಅದು ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ. ತವಾದ ಮೇಲೆ ಅದನ್ನು ಕೂರಿಸಬೇಕಾದರೆ ಅದಕ್ಕೂ ಹೆಚ್ಚಿನ ಕಾವಿನ ಕುಲುಮೆಯಲ್ಲಿ ಬೇಯಿಸಬೇಕು. ಕಾರಿಗೆ ಅಷ್ಟು ಕಾವು ಕೊಟ್ಟರೆ ಬಂಪರ್ ಮೊದಲು ನೆಲಕ್ಕೆ ಸೋರುತ್ತದೆ. ಆದ್ದರಿಂದ ಸ್ಪಂಜಿನಲ್ಲಿ ಉಜ್ಜಿ ಕೊಡುತ್ತಿದ್ದದ್ದು ಟೆಫ್ಲಾನ್ ಎಂದು ಹೆಸರಿಟ್ಟ ಮಾಮೂಲಿ ಪಾಲಿಶ್. ಈಗ ಹೆಸರು ಸಿರಾಮಿಕ್. ಪಕ್ಕದ ಬೋರ್ಡಿನಲ್ಲಿ ಗ್ರಾಫೀನ್ ಎಂಬ ಇನ್ನೂ ಹೊಸ ಹೆಸರು ಬಂದು ನಿಂತಿದೆ.

"ಲೋನಿಗೇ ಸೇರಿಸಬಹುದು ಸರ್" ಎಂಬ ಮಾತೂ ಬರುತ್ತದೆ. 30,000 ರೂಪಾಯಿಯ ಕೋಟಿಂಗನ್ನು ಶೇ. 9ರ ಬಡ್ಡಿಗೆ 7 ವರ್ಷದ ಸಾಲಕ್ಕೆ ಸೇರಿಸಿದರೆ ತಿಂಗಳಿಗೆ ಸುಮಾರು 483 ರೂಪಾಯಿ, ಒಟ್ಟು 40,500 ದಾಟುತ್ತದೆ. ಚೆನ್ನಾಗಿ ನೋಡಿಕೊಂಡರೆ ಕೋಟಿಂಗ್ ಬಾಳುವುದು ಎರಡು ಮೂರು ವರ್ಷ. ಉಳಿದ ನಾಲ್ಕು ವರ್ಷ ಕಂತು ಕಟ್ಟುವುದು ಅದರ ನೆನಪಿಗೆ.

ಇನ್ನು ಕೋಟಿಂಗಿನ ಗಟ್ಟಿತನಕ್ಕೆ ಗುರುತೆಂದು ಹೇಳುವ 9ಎಚ್. "ವಜ್ರದ ಹತ್ತಿರ ಹತ್ತಿರ ಸರ್, 10ಕ್ಕೆ 9" ಎಂದು ಹೇಳುವವರಿದ್ದಾರೆ. ವಜ್ರಕ್ಕೆ 10 ಅಂಕ ಕೊಡುವುದು ಖನಿಜಗಳ ಮೋಸ್ ಮಾಪಕ. ಕೋಟಿಂಗಿನ 9ಎಚ್ ಬಂದಿರುವುದು ಪೆನ್ಸಿಲ್ ಡಬ್ಬಿಯಿಂದ. ಬಣ್ಣದ ಉದ್ಯಮದಲ್ಲಿ ಒಂದು ಪರೀಕ್ಷೆಯಿದೆ: ಮೊನೆಯನ್ನು ಚಪ್ಪಟೆಯಾಗಿ ತೇಯ್ದ ಪೆನ್ಸಿಲನ್ನು 45 ಡಿಗ್ರಿ ಓರೆಯಲ್ಲಿ, 750 ಗ್ರಾಂ ಭಾರ ಹೇರಿ, ಬಣ್ಣದ ಮೇಲೆ ತಳ್ಳುವುದು. 9ಎಚ್ ಪೆನ್ಸಿಲ್ ತಳ್ಳಿದರೂ ಗೀರು ಬೀಳದಿದ್ದರೆ ಅದು 9ಎಚ್. ಇಷ್ಟೇ. ಪಾರ್ಕಿಂಗಿನಲ್ಲಿ ಪೆನ್ಸಿಲ್ ಹಿಡಿದು ಕಾರು ಗೀಚುವವರನ್ನು ಯಾರೂ ಕಂಡಿಲ್ಲ; ಕೀಲಿಕೈ ಹಿಡಿದವರನ್ನು ಎಲ್ಲರೂ ಬಲ್ಲರು. ರಸ್ತೆಯ ಧೂಳಿನಲ್ಲಿರುವ ಸ್ಫಟಿಕದ ಮರಳು ಮೋಸ್ ಮಾಪಕದಲ್ಲಿ 7. ಕಿಟಕಿಯ ಗಾಜಿಗಿಂತ ಗಟ್ಟಿ. ಅದರ ಮುಂದೆ ನಿಲ್ಲುವುದು ಒಂದೆರಡು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದೆರಡು ಪಾಲು, ದಪ್ಪದ ಕೋಟಿಂಗ್.

ಮೈಕ್ರಾನ್ ಲೆಕ್ಕ ಬಂದದ್ದರಿಂದ ಪೂರ್ತಿ ಹೇಳಿಬಿಡಬೇಕು. ಕಾರ್ಖಾನೆಯಿಂದ ಬಂದ ಕಾರಿನ ತಗಡಿನ ಮೇಲೆ ಪ್ರೈಮರ್, ಬಣ್ಣ, ಕ್ಲಿಯರ್ ಕೋಟ್ ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್. ಅದರಲ್ಲಿ ಮೇಲಿನ ಕ್ಲಿಯರ್ ಕೋಟ್ 35ರಿಂದ 50. ತಲೆಗೂದಲು ಸುಮಾರು 70 ಇರುತ್ತದೆ. ನಾವು ಹೊಳಪು, ಗೀರು, ಮಿಂಚು ಎಂದು ಹೊಡೆದಾಡುವುದೆಲ್ಲ ಕೂದಲಿಗಿಂತ ತೆಳ್ಳಗಿನ ಈ ಪಾರದರ್ಶಕ ಪದರದ ಒಳಗೇ. ಬಿಳಿ ಕಾರಿನಲ್ಲೂ ಅಷ್ಟೇ ಗೀರುಗಳಿರುತ್ತವೆ, ಆದರೆ ಕೆಳಗಿನ ಬಣ್ಣವೇ ಬೆಳಕು ಚೆಲ್ಲುವುದರಿಂದ ಅವು ಮುಚ್ಚಿಹೋಗುತ್ತವೆ. ಕಪ್ಪು ಬಣ್ಣ ಬೆಳಕನ್ನು ನುಂಗಿಕೊಂಡು ಕೂರುತ್ತದೆ; ಮಿನುಗುವುದು ಗೀರಿನ ಅಂಚು ಮಾತ್ರ. ಬಿಸಿಲಲ್ಲಿ ಸೂರ್ಯನ ಬಿಂಬದ ಸುತ್ತ ಜೇಡರಬಲೆ ಕಾಣುತ್ತದಲ್ಲ, ಆ ಗೀರುಗಳು ನಿಜಕ್ಕೂ ವೃತ್ತಾಕಾರದಲ್ಲಿಲ್ಲ. ಎಲ್ಲ ದಿಕ್ಕಿಗೂ ಬಿದ್ದಿರುತ್ತವೆ. ಬೆಳಕಿಗೆ ಅಡ್ಡವಾಗಿರುವವು ಮಾತ್ರ ಹೊಳೆದು ಸುತ್ತು ಸುತ್ತಾಗಿ ತೋರುತ್ತವೆ. ಪಾಲಿಶ್ ಅಂಗಡಿಯವರು ಗಾಡಿಯನ್ನು ಸಾಯಂಕಾಲ ಏಳರ ಮೇಲೆ ಟ್ಯೂಬ್‌ಲೈಟಿನಡಿ ಒಪ್ಪಿಸಲು ಯಾಕೆ ಇಷ್ಟಪಡುತ್ತಾರೆ ಎಂಬುದು ಇದರಿಂದ ಅರ್ಥವಾಗಬೇಕು.

ಯಾವ ಡಬ್ಬಿ ಒಳ್ಳೆಯದು ಎಂದು ತಿಳಿಯುವ ಪ್ರಾಮಾಣಿಕ ದಾರಿ ಒಂದೇ: ಬಾನೆಟ್ಟನ್ನೇ ಸೈಟುಗಳಾಗಿ ಹಂಚುವುದು. ಮೊದಲು ನೆರಳಲ್ಲಿ ತೊಳೆಯಿರಿ. ಬಾನೆಟ್ ಮೇಲೆ ಅಂಗೈ ಇಟ್ಟರೆ ತಣ್ಣಗಿರಬೇಕು. ಬಿಸಿಯಿದ್ದರೆ ಯಾವ ಪಾಲಿಶ್ಶೂ ಹರಡುವ ಮೊದಲೇ ಒಣಗಿ ಗೀರಲು ಶುರುಮಾಡುತ್ತದೆ. ಪ್ಲಾಸ್ಟಿಕ್ ಕವರಿನೊಳಗೆ ಕೈಹಾಕಿ ಬಣ್ಣದ ಮೇಲೆ ಸವರಿ ನೋಡಿ, ತರಿತರಿ ಎಂದರೆ ಕ್ಲೇ ಬಾರ್ ಬೇಕು, ಅಂದರೆ ಬಣ್ಣಕ್ಕೆ ಕಚ್ಚಿದ ಕೊಳೆಯನ್ನು ಎಳೆದು ತೆಗೆಯುವ ಜೇಡಿಯಂಥ ಮುದ್ದೆ. ಕ್ಲೇ ಕೈಜಾರಿ ನೆಲಕ್ಕೆ ಬಿದ್ದರೆ ಎತ್ತಿ ಕಸದ ಬುಟ್ಟಿಗೆ ಹಾಕಿ, ತೊಳೆದು ಮತ್ತೆ ಬಳಸುವ ಬುದ್ಧಿವಂತಿಕೆ ಬೇಡ. ಆಮೇಲೆ ಪ್ಯಾಡನ್ನು ತಿರುಗಿಸುತ್ತಲೇ ಅತ್ತಿತ್ತ ಅಲುಗಿಸುವ ಡ್ಯುಯಲ್ ಆ್ಯಕ್ಷನ್ ಮೆಷಿನ್, 5 ಇಂಚಿನ ಮೆತ್ತನೆಯ ಫೋಮ್ ಪ್ಯಾಡ್, ಬಟಾಣಿ ಗಾತ್ರದ ನಾಲ್ಕು ಬೊಟ್ಟು ಫಿನಿಶಿಂಗ್ ಪಾಲಿಶ್, ಒಂದು ಸಲಕ್ಕೆ ಎರಡಡಿ ಚೌಕ. ಉದ್ದಕ್ಕೂ ಅಡ್ಡಕ್ಕೂ ನಿಧಾನವಾಗಿ ನಾಲ್ಕು ಸುತ್ತು. ಟಿಂಕರಿಂಗ್ ಶೆಡ್ಡಿನ, ಒಂದೇ ಸಮ ಗಿರಗಿರ ತಿರುಗುವ ರೋಟರಿ ಬಫ್ ಅನ್ನು ಕಪ್ಪು ಬಣ್ಣದ ಹತ್ತಿರ ಸುಳಿಯಗೊಡಬೇಡಿ: ಬಿಸಿಲಿಗೆ ನಿಲ್ಲಿಸಿದಾಗ ಹೊಗೆಯ ಬಾಲದಂಥ ಹೊಲೋಗ್ರಾಂ ಗುರುತುಗಳು ಬಾಗಿಲ ತುಂಬ ಓಡುತ್ತವೆ. ಕೊನೆಗೆ ಡಿಸ್ಟಿಲ್ಡ್ ವಾಟರಿಗೆ ಶೇ. 15ರಿಂದ 20ರಷ್ಟು ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಿ ಒರೆಸಿ. ಪಾಲಿಶ್‌ನ ಎಣ್ಣೆ, ಗೀರಿಗೆ ತುಂಬಿಸಿದ್ದ ಫಿಲ್ಲರ್ ಎಲ್ಲ ಹೋಗಿ ನಿಜವಾದ ಮುಖ ಕಾಣುತ್ತದೆ. ಬಹಳಷ್ಟು "ಕಮಾಲ್" ಪಾಲಿಶ್‌ಗಳ ಕಮಾಲು ಈ ಒಂದು ಒರೆತಕ್ಕೆ ಮುಗಿಯುತ್ತದೆ.

ಈಗ ಮಾಸ್ಕಿಂಗ್ ಟೇಪ್ ಹಚ್ಚಿ ನಾಲ್ಕು ಚೌಕ ಮಾಡಿ. ಒಂದಕ್ಕೆ ಕಾರ್ನೌಬಾ ವ್ಯಾಕ್ಸ್, ಒಂದಕ್ಕೆ ಮೇಣದ ಬದಲಿಗೆ ಬಳಸುವ ಸಿಂಥೆಟಿಕ್ ಸೀಲಂಟ್, ಒಂದಕ್ಕೆ ಸಿರಾಮಿಕ್ ಸ್ಪ್ರೇ, ಒಂದನ್ನು ಹಾಗೇ ಬಿಡಿ. ಕಾರ್ನೌಬಾ ಬ್ರೆಜಿಲ್ಲಿನ ಒಂದು ತಾಳೆಯ ಎಲೆಯಿಂದ ಬರುವ ಮೇಣ. 82ರಿಂದ 86 ಡಿಗ್ರಿಗೆ ಕರಗುತ್ತದೆ, ತಣ್ಣಗಿದ್ದಾಗ ಕಲ್ಲಿನಷ್ಟು ಗಟ್ಟಿ, ಕೈಯಲ್ಲಿ ಹರಡಲು ಸಾಧ್ಯವೇ ಇಲ್ಲ. ಅದಕ್ಕೇ ಡಬ್ಬಿಯಲ್ಲಿ ದ್ರಾವಕ, ಎಣ್ಣೆ, ಬೇರೆ ಮೇಣ ಸೇರಿಸಿರುತ್ತಾರೆ. ಮುಚ್ಚಳದ ಮೇಲಿನ "100% ಕಾರ್ನೌಬಾ", ಹಾಲಿಗೆ ಬೆರೆಸಿದ ನೀರು ನೂರಕ್ಕೆ ನೂರು ಶುದ್ಧ ಎಂದ ಹಾಗೆ. ಇಡೀ ಕಾರಿಗೆ ಎರಡು ಚಮಚ ವ್ಯಾಕ್ಸ್ ಧಾರಾಳ. ದಪ್ಪ ಬಳಿದಷ್ಟೂ ಧೂಳು ಅಂಟುತ್ತದೆ, ಒರೆಸಲು ತೋಳು ಬೀಳುತ್ತದೆ. ಬೆರಳಿನಲ್ಲಿ ಎಳೆದರೆ ಸ್ವಚ್ಛ ಗೆರೆ ಮೂಡಿದಾಗ ಒರೆಸುವ ಹದ. ಬಂಪರಿನ ಕಪ್ಪು ಪ್ಲಾಸ್ಟಿಕ್ಕಿಗೆ ತಾಗಿ ಬೆಳ್ಳಗಾದರೆ ಶಾಲೆಯ ರಬ್ಬರಿನಿಂದ ಉಜ್ಜಿ, ಹೋಗುತ್ತದೆ. ಪೆನ್ಸಿಲ್ ಕಾಪಾಡದಿದ್ದರೂ ರಬ್ಬರ್ ಕಾಪಾಡುತ್ತದೆ.

ಟೇಪ್ ಕಿತ್ತು ಐದಡಿ ದೂರ ನಿಂತು ನೋಡಿ. ನಾಲ್ಕೂ ಒಂದೇ. ಏನೂ ಹಚ್ಚದ ಚೌಕವೂ ಅಷ್ಟೇ ಹೊಳೆಯುತ್ತಿರುತ್ತದೆ, ಯಾಕೆಂದರೆ ಹೊಳಪಿನ ಬಹುಪಾಲು ಕೆಲಸ ಮಾಡಿದ್ದು ತೊಳೆತ ಮತ್ತು ಪಾಲಿಶ್. ವ್ಯಾಕ್ಸ್ ಕೊಡುವುದು ತುಸು ಕಾಪು: ನಮ್ಮ ಬಿಸಿಲಿಗೆ ಕಾರ್ನೌಬಾ ಒಂದೆರಡು ತಿಂಗಳು, ಸೀಲಂಟ್ ನಾಲ್ಕೈದು. "ವೆಟ್ ಲುಕ್", "ವಾರ್ಮ್ ಗ್ಲೋ" ಎಂದು ವಾದ ಮಾಡುವವರನ್ನು ಕಣ್ಣುಕಟ್ಟಿ ಕರೆತಂದು, ಪಟ್ಟಿ ಬಿಚ್ಚಿ, ಯಾವುದು ಯಾವುದು ಎಂದು ಕೇಳಿದರೆ ಆ ವಾದ ಅಲ್ಲಿಗೇ ಮುಗಿಯುತ್ತದೆ. ಆದರೆ ಯಾರೂ ಕೇಳುವುದಿಲ್ಲ. ಬದಲಿಗೆ ಬಾನೆಟ್ ಮೇಲೆ ನೀರು ಚಿಮುಕಿಸಿ, ಹನಿಗಳು ಮುತ್ತಿನಂತೆ ನಿಂತದ್ದನ್ನು ವಿಡಿಯೋ ಮಾಡಿ ಹಾಕುತ್ತಾರೆ.

ಆ ಮುತ್ತುಗಳೇ ಇಲ್ಲಿಯ ದೊಡ್ಡ ಶತ್ರು. ಅಪಾರ್ಟ್‌ಮೆಂಟಿಗೆ ಬರುವುದು ಬೋರ್‌ವೆಲ್ ಅಥವಾ ಟ್ಯಾಂಕರಿನ ಗಡಸು ನೀರು, ಬಕೆಟ್ ತಳದಲ್ಲಿ ಬಿಳಿ ಪೊರೆ ಕಟ್ಟುವಂಥದ್ದು. ಆ ನೀರು ದುಂಡಗೆ ನಿಂತು ಬಿಸಿಲಿಗೆ ಆರಿದರೆ ಪ್ರತಿ ಹನಿಯೂ ತನ್ನಲ್ಲಿದ್ದ ಸುಣ್ಣದ ಅಂಶವನ್ನು ಉಂಗುರವಾಗಿ ಬಿಟ್ಟು ಹೋಗುತ್ತದೆ. ಕೋಟಿಂಗ್ ಹೊಸದಾಗಿದ್ದಷ್ಟೂ ಹನಿ ದುಂಡಗೆ, ಉಂಗುರ ಅಚ್ಚುಕಟ್ಟು. ಎರಡು ಮೂರು ದಿನದೊಳಗಾದರೆ ಬಿಳಿ ವಿನೆಗರ್ ಮತ್ತು ಡಿಸ್ಟಿಲ್ಡ್ ವಾಟರ್ ಸಮ ಬೆರೆಸಿ, ಬಟ್ಟೆ ಅದ್ದಿ ಒಂದು ನಿಮಿಷ ಮೇಲಿಟ್ಟು ತೊಳೆದರೆ ಬಿಡುತ್ತದೆ. ತಿಂಗಳಾದರೆ ಕ್ಲಿಯರ್ ಕೋಟಿಗೇ ಕಚ್ಚಿಕೊಂಡು ಕೂರುತ್ತದೆ, ಮತ್ತೆ ಪಾಲಿಶ್ಶೇ ಗತಿ. ತಡೆಯುವುದು ಸುಲಭ: ಕೊನೆಯ ನೀರನ್ನು ಪೈಪಿನ ಮೂತಿ ತೆಗೆದು ಧಾರೆಯಾಗಿ ಮೇಲಿನಿಂದ ಹರಿಯಬಿಟ್ಟು, ದಪ್ಪ ಮೈಕ್ರೋಫೈಬರ್ ಟವೆಲ್ ಹಾಸಿ ಒತ್ತಿ ತೆಗೆಯುವುದು. ಪೆಟ್ರೋಲ್ ಬಂಕಿನಲ್ಲಿ ಬ್ಯಾಟರಿಗೆಂದು ಮಾರುವ ಡಿಸ್ಟಿಲ್ಡ್ ವಾಟರ್ 5 ಲೀಟರ್ ಕ್ಯಾನ್ ತಂದರೆ ಕೊನೆಯ ಸ್ಪ್ರೇಗೆ ತಿಂಗಳುಗಟ್ಟಲೆ ಸಾಕು. ಇದನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ, ಲಾಭವಿಲ್ಲ.

ನೀರು ಎಂದಾಗ ಸರ್ಕಾರವೂ ಬರಬೇಕಲ್ಲ. 2024ರ ಮಾರ್ಚ್‌ನಲ್ಲಿ ನೀರಿನ ಬರ ಬಂದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಆದೇಶಿಸಿತು. ಸರಿಯಾದ ಆದೇಶವೇ. ಕಪ್ಪು ಕಾರಿನವರು ಅದನ್ನು ತಕ್ಷಣ ಪಾಲಿಸಿದರು: ಕಾವೇರಿ ಬಿಟ್ಟು ಬೋರ್‌ವೆಲ್ಲಿಗೆ ಬಂದರು, ಬೋರ್ ಬತ್ತಿದಾಗ ಟ್ಯಾಂಕರಿಗೆ ಬಂದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕಲ್ಲ.

ಇಷ್ಟೆಲ್ಲ ಆದ ಮೇಲೆ ದಿನಾ ಬೆಳಿಗ್ಗೆ ಕಾರು ಒರೆಸುವುದು ಹೇಗೆ? ಒರೆಸುವ ಹುಡುಗನಿಗೆ ಸಿಗುವುದು ತಿಂಗಳಿಗೆ ನೂರರ ಲೆಕ್ಕದ ಸಂಬಳ. ಅವನ ಕೈಯಲ್ಲಿ ಒಂದು ಬಕೆಟ್, ಒಂದು ಹಳೆ ಬನಿಯನ್ ಬಟ್ಟೆ. ಮೂವತ್ತು ಸಾವಿರದ ಕವಚ ತೊಡಿಸಿದವರು ಅವನಿಗೆ ಇನ್ನೊಂದು ಬಕೆಟ್ ಕೊಡಿಸಿರುವುದಿಲ್ಲ. ಎ ಬ್ಲಾಕಿನ ಜೀಪಿನ ಮಣ್ಣು ಅದೇ ಬಟ್ಟೆಯಲ್ಲಿ ಬಿ ಬ್ಲಾಕಿನ ಕಪ್ಪು ಸೆಡಾನಿಗೆ ಬರುತ್ತದೆ. ಜೇಡರಬಲೆ ನೇಯುವುದು ಬಿಸಿಲೂ ಅಲ್ಲ, ವಯಸ್ಸೂ ಅಲ್ಲ, ಈ ಒಣ ಧೂಳಿನ ಮೇಲಿನ ಒರೆತ. ಶಾಂಪೂವಿಗೊಂದು, ಕಾರು ಉಜ್ಜುವ ಕೈಗವಸು ಜಾಲಿಸುವುದಕ್ಕೊಂದು ಬಕೆಟ್, ಎರಡು ಮೈಕ್ರೋಫೈಬರ್ ಬಟ್ಟೆ ಎಲ್ಲ ಸೇರಿ ಸಾವಿರ ರೂಪಾಯಿ ಆಗುವುದಿಲ್ಲ. ದಿನಾ ಒರೆಸಬೇಡಪ್ಪಾ, ವಾರಕ್ಕೊಮ್ಮೆ ತೊಳಿ, ಸಂಬಳ ಅಷ್ಟೇ ಇರಲಿ ಎಂದರೆ ಇನ್ನೂ ಅಗ್ಗ. ಆದರೆ ಪಕ್ಕದ ಮನೆಯ ಕಾರು ಒದ್ದೆಯಾಗಿರುವಾಗ ನಮ್ಮದು ಒಣಗಿ ನಿಂತರೆ ಮರ್ಯಾದೆ ಪ್ರಶ್ನೆ.

ಗೀರು ಬಿದ್ದಾಗ ವಾರಂಟಿ ಕಾರ್ಡ್ ತೆಗೆಯುತ್ತಾರೆ. ಅದರ ಹಿಂಬದಿಯ ಸಣ್ಣ ಅಕ್ಷರಗಳನ್ನು ಒಮ್ಮೆ ಗಟ್ಟಿಯಾಗಿ ಓದಬೇಕು: ಗೀರು, ಕಲ್ಲೇಟು, ಹಕ್ಕಿ ಹಿಕ್ಕೆ, ಮರದ ಅಂಟು, ಗಡಸು ನೀರಿನ ಕಲೆ ಇವಕ್ಕೆ ಅನ್ವಯಿಸುವುದಿಲ್ಲ. ಗ್ಯಾರೇಜಿನಿಂದ ಹೊರಗೆ ತೆಗೆಯದ ಕಾರಿಗೆ ಪೂರ್ಣ ರಕ್ಷಣೆ ಇದೆ. ವಾರಂಟಿ ಊರ್ಜಿತವಾಗಿರಲು ವರ್ಷಕ್ಕೊಮ್ಮೆ "ಮೇಂಟೆನೆನ್ಸ್"ಗೆ ಬರಬೇಕೆಂಬ ಷರತ್ತೂ ಇರುತ್ತದೆ. ಬಂದರೆ ಮತ್ತೆ ಕಾಂಪೌಂಡ್ ಎಂಬ ಒರಟು ಪಾಲಿಶ್ ಹಾಕಿ ಉಜ್ಜುತ್ತಾರೆ. ಪ್ರತಿ ಸಲ ಎರಡರಿಂದ ಐದು ಮೈಕ್ರಾನ್ ಕ್ಲಿಯರ್ ಕೋಟ್ ಹೋಗುತ್ತದೆ. ಕಾಪಾಡಬೇಕಾದ ಪದರವನ್ನೇ ತೇಯುತ್ತಾ ತೇಯುತ್ತಾ ಕಾಪಾಡುವುದು. ಮಳೆಗಾಲದಲ್ಲಿ ಮಾಡಿಸಿದರೆ ಇನ್ನೊಂದು ಬಗೆ: ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಕೋಟಿಂಗ್ ಬೇಗ ಹಿಡಿಯುತ್ತದೆ, ಒರೆಸುವುದು ಒಂದು ನಿಮಿಷ ತಡವಾದರೂ ಅಲ್ಲಲ್ಲಿ ಎಣ್ಣೆ ಚೆಲ್ಲಿದಂಥ ಮಚ್ಚೆಗಳು ಗಟ್ಟಿಯಾಗುತ್ತವೆ. ಅದನ್ನು ತೆಗೆಯಲು ಮತ್ತೆ ಮೆಷಿನ್. ಅಪ್ಪಿತಪ್ಪಿಯೂ ಮೊದಲ 24 ಗಂಟೆ ನೀರು ತಾಗಬಾರದು, ಒಂದು ವಾರ ಶಾಂಪೂ ಮುಟ್ಟಿಸಬಾರದು.

ಈ ವ್ರತವನ್ನೆಲ್ಲ ನಿಷ್ಠೆಯಿಂದ ಪಾಲಿಸಿದವರ ಮನೆಗೂ ಆಯುಧ ಪೂಜೆ ಬರುತ್ತದೆ. ಬಾನೆಟ್ ಮೇಲೆ ಗಂಧ, ಅರಿಶಿನ, ವಿಭೂತಿಯ ಮೂರು ಪಟ್ಟೆ. ಬಂಪರಿಗೆ ಎರಡು ಬಾಳೆಕಂದು, ಅದರ ಸೊನೆ ಒಣಗಿದರೆ ಕಂದು ಕಲೆ. ಸೇವಂತಿಗೆ ಹಾರಕ್ಕೆ ಅಗಲದ ಸೆಲ್ಲೋಟೇಪ್, ಅದರ ಗೋಂದು ತಿಂಗಳಾದರೂ ಧೂಳು ಹಿಡಿದು ಅಲ್ಲೇ ಇರುತ್ತದೆ. ಹಾರ ಹಾಕಿಕೊಂಡು ನೈಸ್ ರೋಡಿನಲ್ಲಿ ನೂರರ ವೇಗದಲ್ಲಿ ಹೋಗಿಬಂದರೆ ಬಾಳೆಎಲೆಯ ದಿಂಡು ಇಡೀ ದಾರಿ ಬಣ್ಣಕ್ಕೆ ಚಾಟಿ ಬೀಸಿರುತ್ತದೆ. ಕುಂಕುಮ, ವಿಭೂತಿ ಮುಂದಿನ ಗಾಜಿಗೆ ಹಚ್ಚಿ, ಗಾಜು ತಡೆದುಕೊಳ್ಳುತ್ತದೆ ಎಂದರೆ ಮನೆಯ ಹಿರಿಯರು ಒಪ್ಪುವುದಿಲ್ಲ. ಬಾನೆಟ್ಟೇ ಗಾಡಿಯ ಹಣೆ. ಮಗು ಮುಟ್ಟಿದರೆ ಸಿಡಿಮಿಡಿಗೊಳ್ಳುವ ಯಜಮಾನರು ಕೈಮುಗಿದು ನಿಂತಿರುವಾಗ, ಪುರೋಹಿತರು ಗಂಧದಲ್ಲಿ ಸ್ವಸ್ತಿಕ ಬರೆಯುತ್ತಾರೆ, ಪವಿತ್ರದ ಉಂಗುರವೂ ಜೊತೆಗೆ ಬರೆಯುತ್ತದೆ. ಮರುದಿನ ಕೋಟಿಂಗಿನವರಿಗೆ ಫೋನ್ ಮಾಡಿ ಇದು ವಾರಂಟಿಯಲ್ಲಿ ಬರುತ್ತದೆಯೇ ಎಂದು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: "ಇಲ್ಲ ಸರ್, ಅದು ಆ್ಯಕ್ಟ್ ಆಫ್ ಗಾಡ್."